ಊರಿಗೆ ಊರೇ ಜೂನ್ ಒಂದರಂದು ಹುಟ್ಟಿದ ಬಗ್ಗೆ

ಜನ್ಮದಿನಾಂಕಗಳನ್ನು ತಿದ್ದುವ, ಅಥವಾ ತಿದ್ದದೆ ಇರುವ, ಅಧಿಕಾರ ಹೊತ್ತ ಮಾನ್ಯರೇ,

ನಿಮ್ಮ ಕಚೇರಿ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿರುವ ಒಂದು ದಿನಾಂಕ ಶುದ್ಧ ಸುಳ್ಳು. ಹೇಗೆ ಗೊತ್ತು ಎನ್ನುತ್ತೀರೇ? ಆ ಸುಳ್ಳನ್ನು ಬರೆದವನು ನಾನೇ. ಶಿರ್ತಾಡಿಯ ರಾಜೀವಿ ಎಂಬ ಹೆಂಗಸು 1968ರ ಜೂನ್ ಒಂದರಂದು ಹುಟ್ಟಲಿಲ್ಲ. ಇಷ್ಟನ್ನು ತಮಗೆ ಒಪ್ಪಿಸುವುದಕ್ಕಾಗಿ, ಎಪ್ಪತ್ತೇಳು ವರ್ಷದ ನಿವೃತ್ತ ಅಧ್ಯಾಪಕನಾದ ನಾನು ನಿಮ್ಮ ಮೆಟ್ಟಿಲನ್ನು ಆರು ಸಲ ಹತ್ತಿ ಇಳಿದಿದ್ದೇನೆ. ಒಳಗೆ ಕೇಳುವವರಿಲ್ಲದ್ದರಿಂದ ಈಗ ಹೊರಗೆ ನಿಂತು, ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ.

ಜೂನ್ ಒಂದರ ಮಹಿಮೆ ತಮಗೆ ತಿಳಿಯದ್ದಲ್ಲ. ಅಂದು ವಿಶ್ವ ಹಾಲು ದಿನ. ಅಂದೇ ಜಾಗತಿಕ ಪೋಷಕರ ದಿನ. ಇವೆರಡರ ಜೊತೆಗೆ, ಮೂಡುಬಿದಿರೆಯಿಂದ ಬೆಳ್ತಂಗಡಿಗೆ ಹೋಗುವ ಬಸ್ಸಿನಲ್ಲಿ ಕುಳಿತ ಐವತ್ತು ದಾಟಿದವರಲ್ಲಿ ಅರ್ಧಕ್ಕರ್ಧ ಜನರ ಹುಟ್ಟುಹಬ್ಬ. ಒಂದೇ ದಿನ ಇಷ್ಟು ಹೆರಿಗೆಗಳಾಗಿದ್ದರೆ ನಮ್ಮ ಸೂಲಗಿತ್ತಿಯರ ಗತಿ ಏನಾಗುತ್ತಿತ್ತು ಎಂದು ನಿಮ್ಮಲ್ಲಿ ಒಬ್ಬರೂ ಯೋಚಿಸಿದ ಹಾಗಿಲ್ಲ. ಈ ವರ್ಷ ಆ ದಿನ ರಾಜೀವಿಯ ಮೊಬೈಲಿಗೆ ಹಾಲಿನ ಸೊಸೈಟಿಯಿಂದ ಹಾಲು ದಿನದ ಶುಭಾಶಯ ಬಂತು. ಒಂದು ಇಲಾಖೆ ಪೋಷಕರ ತ್ಯಾಗವನ್ನು ಕೊಂಡಾಡಿತು. ಇನ್ನೊಂದು, ಕೇಕಿನ ಚಿತ್ರದ ಸಮೇತ, ಹುಟ್ಟುಹಬ್ಬಕ್ಕೆ ಹಾರೈಸಿತು. ತಾವೂ ಹಿಂದೆ ಬೀಳಲಿಲ್ಲ. ಆಕೆಯ ತಿದ್ದುಪಡಿ ಅರ್ಜಿ ತಿರಸ್ಕೃತವಾಗಿದೆ ಎಂಬ ಸಂದೇಶ ಬಂದದ್ದೂ ಅದೇ ದಿನ, ಮಧ್ಯಾಹ್ನದ ಊಟದ ಹೊತ್ತಿಗೆ.

ನನ್ನ ಅಪರಾಧವನ್ನು ಹೇಳಿಬಿಡುತ್ತೇನೆ. 1974ರಲ್ಲಿ ನಾನು ಇಪ್ಪತ್ತೈದರ ಹುಡುಗು ಮೇಷ್ಟ್ರು. ಮಕ್ಕಳನ್ನು ಸೇರಿಸಲು ಬಂದ ತಾಯಂದಿರಿಗೆ ಇಂಗ್ಲಿಷ್ ತಾರೀಕು ಗೊತ್ತಿರಲಿಲ್ಲ. ಹುಟ್ಟಿದ ದಿನ ಗೊತ್ತಿರಲಿಲ್ಲ ಎಂದಲ್ಲ, ಚೆನ್ನಾಗಿಯೇ ಗೊತ್ತಿತ್ತು. "ಕೆಡ್ಡಸದ ಮಾರನೆ ದಿನ", "ಪತ್ತನಾಜೆಗೆ ನಾಲ್ಕು ದಿನ ಉಂಟು ಅನ್ನುವಾಗ" ಎಂದು ತುಳುವರ ಹಬ್ಬಗಳ ಲೆಕ್ಕದಲ್ಲಿ ಹೇಳುತ್ತಿದ್ದರು. ಪಂಚಾಂಗ ತೆಗೆದು ಅದನ್ನು ತಾರೀಕಿಗೆ ಇಳಿಸುವ ವ್ಯವಧಾನ ನನಗಿರಲಿಲ್ಲ. ಶಾಲೆ ಜೂನ್‌ನಲ್ಲಿ ಸುರುವಾಗುತ್ತದೆ, ಮಗುವಿಗೆ ಅಷ್ಟರಲ್ಲಿ ಆರು ತುಂಬಿರಲಿ ಎಂದು ಎಲ್ಲರಿಗೂ ಜೂನ್ ಒಂದನ್ನು ಹಂಚಿದೆ.

ರಾಜೀವಿ ಬಂದದ್ದು ತಮ್ಮ ಶೇಖರನ ಕೈ ಹಿಡಿದುಕೊಂಡು. ತಮ್ಮನನ್ನು ನೋಡಿಕೊಳ್ಳಲು ಅಷ್ಟು ವರ್ಷ ಮನೆಯಲ್ಲೇ ಉಳಿದಿದ್ದ ಹುಡುಗಿ, ಅವನು ಶಾಲೆಗೆ ಹೊರಟ ದಿನ ತಾನೂ ಹೊರಟಳು. ಅವಳ ತಾಯಿ ನನ್ನ ಮೇಜಿನ ಮುಂದೆ ನಿಂತು ಸ್ಪಷ್ಟವಾಗಿ ಹೇಳಿದರು: "ಇವಳು ಆಟಿ ಅಮಾವಾಸ್ಯೆಯ ದಿನ ಹುಟ್ಟಿದ್ದು ಮಾಷ್ಟ್ರೇ. ಬೆಳಿಗ್ಗೆ ಪಾಲೆ ಕಷಾಯ ಕುಡಿದು ಲೋಟ ಕೆಳಗೆ ಇಡ್ಲಿಲ್ಲ, ಬೇನೆ ಸುರು ಆಯ್ತು. ಬರುವ ಆಟಿಗೆ ಒಂಬತ್ತು ತುಂಬ್ತದೆ." ಮರದ ತೊಗಟೆಯ ಆ ಕಹಿ ಕಷಾಯವನ್ನು ನಮ್ಮಲ್ಲಿ ವರ್ಷಕ್ಕೊಮ್ಮೆ, ಆಟಿ ತಿಂಗಳ ಅದೊಂದು ದಿನ ಮಾತ್ರ ಕುಡಿಯುತ್ತಾರೆ. ಇದಕ್ಕಿಂತ ಖಚಿತವಾದ ಗುರುತು ಯಾವ ಆಸ್ಪತ್ರೆ ಕೊಡುತ್ತದೆ? ನಾನು ತಲೆಯಾಡಿಸಿದೆ. ಶೇಖರನಿಗೆ 1-6-1968 ಎಂದು ಬರೆದೆ. ಒಂಬತ್ತರವಳನ್ನು ಒಂದನೇ ಕ್ಲಾಸಿಗೆ ಸೇರಿಸಿದರೆ ಇನ್‌ಸ್ಪೆಕ್ಟರು ಪ್ರಶ್ನೆ ಕೇಳುತ್ತಾರೆಂದು ಹೆದರಿ ಅಕ್ಕನಿಗೂ ಅದನ್ನೇ ಬರೆದೆ. ಮೂರು ವರ್ಷ ಅಂತರದ ಇಬ್ಬರು ಒಂದು ಸಾಲಿನಲ್ಲಿ ಅವಳಿಗಳಾದರು. ಅಂದು ನನಗೆ ನಗು ಬಂದಿತ್ತು, ಈಗ ನಾಚಿಕೆಯಾಗುತ್ತದೆ.

ರಾಜೀವಿಯ ಮಗಳು ವಿಸ್ಮಿತಾ ನನ್ನಷ್ಟು ಸೋಮಾರಿಯಲ್ಲ. ಕಾಲೇಜಿನಲ್ಲಿದ್ದಾಗ ಹಳೆಯ ಪಂಚಾಂಗ ಹುಡುಕಿ, 1965ರ ಆಟಿ ಅಮಾವಾಸ್ಯೆ ಜುಲೈ 28ಕ್ಕೆ ಬಿದ್ದಿತ್ತೆಂದು ಪತ್ತೆಹಚ್ಚಿ, ಅಮ್ಮನ ಆಧಾರ್ ಕಾರ್ಡಿನಲ್ಲಿ ಸರಿಮಾಡಿಸಿದಳು. ಆ ಕಾರ್ಡಿನಲ್ಲಿ ಅಂಥ ತಿದ್ದುಪಡಿಗೆ ಒಂದೇ ಅವಕಾಶವಂತೆ. ಅದನ್ನು ಸತ್ಯಕ್ಕಾಗಿ ಖರ್ಚು ಮಾಡಿದ್ದೇ ತಪ್ಪಾಯಿತು. ವಿಸ್ಮಿತಾ ಈಗ ಮಸ್ಕತ್ತಿನಲ್ಲಿದ್ದಾಳೆ. ಎರಡನೆಯ ಹೆರಿಗೆಗೆ ಐದು ವಾರ ಉಳಿದಿದೆ. ಮೊದಲನೆಯದರಲ್ಲಿ ಜೊತೆಗೆ ಯಾರೂ ಇರಲಿಲ್ಲ, ಮಗು ಎರಡು ದಿನ ಬದುಕಿತ್ತು. ಗಂಡನ ಕೆಲಸ ಮರಳುಗಾಡಿನ ಕ್ಯಾಂಪಿನಲ್ಲಿ, ತಿಂಗಳಲ್ಲಿ ಹದಿನೈದು ದಿನ ಮನೆಗಿಲ್ಲ. ಅವಳು ವಿಮಾನ ಹತ್ತುವಂತಿಲ್ಲ ಎಂದಿದ್ದಾರೆ ವೈದ್ಯರು. ಅಮ್ಮ ಹತ್ತುವಂತಿಲ್ಲ ಎನ್ನುತ್ತಿದೆ ನನ್ನ ಅಕ್ಷರ. ಎರಡು ದಾಖಲೆಯಲ್ಲಿ ಎರಡು ದಿನಾಂಕವಿದ್ದರೆ ಪಾಸ್‌ಪೋರ್ಟ್ ಇಲ್ಲ, ಶಾಲೆಯ ದಾಖಲೆ ತಿದ್ದಿಸಿ ತನ್ನಿ ಎಂದರು. ಹಾಗೆ ನಾವು ತಮ್ಮಲ್ಲಿಗೆ ಬಂದೆವು.

ನಿಮ್ಮ ಗುಮಾಸ್ತರು ಸಭ್ಯರು. ರಿಜಿಸ್ಟರನ್ನು ತೆರೆದು ತೋರಿಸಿದರು. "ನೀವು ಹೇಳುವುದು ಸರಿಯೇ ಇರಬಹುದು ಮಾಷ್ಟ್ರೇ. ಆದರೆ ಇಲ್ಲಿ ಬರೆದದ್ದು ಉಂಟಲ್ಲ?"

"ಅದನ್ನು ಬರೆದವ ನಾನೇ ಮಾರಾಯ!"

"ಬರೆದವರು ನೀವೇ ಅಂತ ದಾಖಲೆ ಏನುಂಟು?"

ನನ್ನ ಅಕ್ಷರವನ್ನು ಐವತ್ತು ವರ್ಷ ನಂಬಿದ ಸರಕಾರ ನನ್ನನ್ನು ಐದು ನಿಮಿಷ ನಂಬಲಿಲ್ಲ. ಮುಂದಿನ ಸಲ ಸಾಕ್ಷಿಗೆಂದು ಶೇಖರನನ್ನು ಕರೆದುಕೊಂಡು ಹೋದೆ. "ಸಾರ್, ನಾನು ಇವಳ ಸೊಂಟದಲ್ಲಿ ಕೂತು ಬೆಳೆದವ" ಎಂದ ಅವನು. ಗುಮಾಸ್ತರು ರಿಜಿಸ್ಟರಿನಿಂದ ತಲೆಯೆತ್ತಿ, "ದಾಖಲೆ ಪ್ರಕಾರ ನೀವು ಅವಳಿ. ಅವಳಿಯನ್ನು ಅವಳಿ ಎತ್ತಿಕೊಳ್ಳಲಿಕ್ಕೆ ಆಗ್ತದಾ?" ಎಂದು ಕೇಳಿದರು. ಆಮೇಲೆ, ಹೆರಿಗೆ ಮಾಡಿಸಿದ ಸೂಲಗಿತ್ತಿಯ ಹೇಳಿಕೆ ಸಿಕ್ಕಿದರೆ ಪರಿಶೀಲಿಸಬಹುದೆಂದು ದಾರಿ ತೋರಿಸಿದರು. ಆಕೆ ತೀರಿಕೊಂಡು ಮೂವತ್ತೆರಡು ವರ್ಷವಾಯಿತು. ತಾಯಿಯೂ ಇಲ್ಲ. ಆ ತಾಯಿಯ ಮಾತನ್ನು ಕಿವಿಯಾರೆ ಕೇಳಿದ ದೊಡ್ಡವರಲ್ಲಿ ಉಳಿದಿರುವವನು ನಾನೊಬ್ಬ. ನನ್ನ ಹೇಳಿಕೆಗೆ ನಿಮ್ಮ ನಮೂನೆಯಲ್ಲಿ ಜಾಗವಿಲ್ಲ.

ಜಾಗವಿಲ್ಲದಿದ್ದರೆ ಮಾಡಿ, ಮಾನ್ಯರೇ. ಸುಳ್ಳು ದಾಖಲೆ ಸೃಷ್ಟಿಸಿದ್ದಕ್ಕೆ ನನ್ನ ಮೇಲೆ ಕೇಸು ಹಾಕಿ. ಆಗಲಾದರೂ ಅದನ್ನು ಬರೆದವನು ನಾನೆಂದು ಸರಕಾರವೇ ರುಜುವಾತು ಮಾಡಬೇಕಾಗುತ್ತದೆ. ಹೆರಿಗೆ ಮುಗಿದ ಮೇಲೆ ಯಾವ ಶಿಕ್ಷೆಗೂ ಸಿದ್ಧ.

ಕೊನೆಗೊಂದು ಮಾತು. ಕಳೆದ ಗುರುವಾರ, ಆರನೆಯ ಸಲ ನಿಮ್ಮ ಜಗಲಿಯಲ್ಲಿ ಕುಳಿತಿದ್ದಾಗ ರಾಜೀವಿಯ ಫೋನು ರಿಂಗಾಯಿತು. ಮಸ್ಕತ್ತಿನಿಂದ. "ಅಮ್ಮಾ, ಆಯ್ತಾ?" ಎಂಬುದು ಪಕ್ಕದಲ್ಲಿದ್ದ ನನಗೂ ಕೇಳಿಸಿತು. ಹತ್ತು ನಿಮಿಷದ ಹಿಂದಷ್ಟೇ ಗುಮಾಸ್ತರು ಆಕೆಯ ಕಾಗದಗಳನ್ನು ವಾಪಸು ಕೊಟ್ಟಿದ್ದರು. ರಾಜೀವಿ ಅವುಗಳನ್ನು ಮಡಿಲಲ್ಲಿ ಒತ್ತಿ ಹಿಡಿದುಕೊಂಡು, ನಗುನಗುತ್ತಾ ಹೇಳಿದಳು: "ಆಯ್ತು ಮಗಾ. ಇಲ್ಲಿಯ ದೊಡ್ಡ ಸಾಹೇಬ್ರು ಭಾರೀ ಒಳ್ಳೆಯವರು. ಒಂದು ಸಹಿ ಮಾತ್ರ ಬಾಕಿ, ನಾಡಿದ್ದು ಹಾಕ್ತಾರೆ. ನಾನು ಬರ್ತೇನೆ, ನೀನು ಹೆದರ್ಬೇಡ."

ಫೋನಿಟ್ಟ ಮೇಲೆ ನನ್ನ ಮುಖ ನೋಡಲಿಲ್ಲ. ಮಸ್ಕತ್ತಿನ ಆ ಹುಡುಗಿ ಈಗ ತಮ್ಮನ್ನು ನಂಬಿಕೊಂಡು ದಿನ ಎಣಿಸುತ್ತಿದ್ದಾಳೆ. ನಾನು ಬರೆದ ಸುಳ್ಳನ್ನು ಇಷ್ಟು ವರ್ಷ ನಿಜವೆಂದು ಕಾಪಾಡಿದಿರಿ. ಈ ತಾಯಿ ಫೋನಿನಲ್ಲಿ ಹೇಳಿದ್ದನ್ನು ಈ ವಾರ ನಿಜ ಮಾಡಿಕೊಡಿ.

ಇಂತಿ,
ದಾಖಲೆಯಿಲ್ಲದೆ ಇನ್ನೂ ಬದುಕಿರುವ ಸಾಕ್ಷಿ,
ರುಕ್ಮಯ್ಯ
ನಿವೃತ್ತ ಅಧ್ಯಾಪಕ, ಶಿರ್ತಾಡಿ