ಎದುರುಬದುರು ಕೂತವರನ್ನು ಎಬ್ಬಿಸಿದ ಹುಕುಂ

ಸಭೆಗಳಿಗೆ ಪರವಾನಗಿ ದಯಪಾಲಿಸುವ ಮಾನ್ಯ ಅಧಿಕಾರಿಗಳೇ,

ಕಳೆದ ಗುರುವಾರ ಇಳಕಲ್ಲಿನ ನಮ್ಮ ಓಣಿಯಲ್ಲಿ ನಡೆಯಬೇಕಿದ್ದ ಮಾತುಕತೆಯನ್ನು ತಾವು ಪೊಲೀಸ್ ಫೌಜದಾರರನ್ನು ಕಳಿಸಿ ನಿಲ್ಲಿಸಿದಿರಿ. ಶಾಂತಿಯ ಮಾತಾಡಿದರೆ ಶಾಂತಿಭಂಗವಾಗುತ್ತದೆಯಂತೆ. ನನಗೆ ಹೇಸಿಗೆ ಬಂದಿದೆ, ಅದನ್ನು ಮುಚ್ಚಿಡುವ ಸಭ್ಯತೆ ನನ್ನಲ್ಲಿ ಉಳಿದಿಲ್ಲ.

ಬಂದವರಾದರೂ ಯಾರು? ಇಸ್ರೇಲಿನ ಹೈಫಾದ ಯಹೂದಿ ನರ್ಸು ಯೂದಿತ್, ಅದೇ ದೇಶದಲ್ಲಿ ಈಗ ನಜರೇತಿನಲ್ಲಿ ನೆಲೆಸಿರುವ ಅರಬ್ ಮಾಸ್ತರ ಫಾಯೆಕ್. ಹತ್ತು ವರ್ಷದ ಹಿಂದಿನ ಅಲ್ಲಿಯ ಯುದ್ಧದಲ್ಲಿ ಆಕೆಯ ತಮ್ಮ ಸತ್ತ; ಈತನ ಹುಟ್ಟೂರೇ ನೆಲಸಮವಾಯಿತು. ಆದರೂ ಇಬ್ಬರೂ ಎದುರುಬದುರು ಕೂತು ಒಬ್ಬರಿಗೊಬ್ಬರು ತಮ್ಮ ಸಂಕಟ, ಸಿಟ್ಟು ಹೇಳಿಕೊಳ್ಳುತ್ತಾರೆ. ಜನ ಸುತ್ತ ಕೂತು ಕೇಳುತ್ತಾರೆ. ಮುಂಬಯಿಯ ಶಾಂತಿ ಸಮ್ಮೇಳನಕ್ಕೆ ಬಂದಿದ್ದ ಇವರನ್ನು ಕಾಗದ ಬರೆದು ಕರೆಸಿದವನು ನಾನು; ಅವರ ಇಂಗ್ಲಿಷನ್ನು ಕನ್ನಡದಲ್ಲಿ ಹೇಳಬೇಕಿದ್ದವನೂ ನಾನೇ.

ಯಾಕೆ ಕರೆಸಿದೆನೆಂದರೆ, ನಮ್ಮ ಓಣಿಯಲ್ಲೂ ಇದೇ ಪದ್ಧತಿ. ಮಾತು ಬಿಟ್ಟವರನ್ನು ಹಿರಿಯರು ಒಂದೇ ಜಮಖಾನಿಯ ಮೇಲೆ ಕೂಡಿಸುತ್ತಾರೆ. ದೂರನ್ನು ಹಿರಿಯರಿಗೆ ಹೇಳುವಂತಿಲ್ಲ, ಎದುರಿಗಿದ್ದವರಿಗೇ ಹೇಳಬೇಕು. ಬಯ್ಯಬಹುದು, ಅಳಬಹುದು, ನಡುವೆ ಏಳುವಂತಿಲ್ಲ. ಆದರೆ ಇಬ್ಬರು ಹೆಣ್ಣುಮಕ್ಕಳು ಆ ಜಮಖಾನಿಗೆ ಬಂದಿರಲೇ ಇಲ್ಲ. ಹತ್ತು ವರ್ಷದ ಹಿಂದೆಯೇ ನನ್ನ ತಂಗಿ ಸಿದ್ದಲಿಂಗವ್ವನ ಗಂಡನನ್ನು ಕುಷ್ಟಗಿ ಸೀಮೆಯಲ್ಲಿ ನಿಜಾಮನ ರಜಾಕಾರರು ಕೊಂದರು. ಪೊಲೀಸ್ ಕಾರ್ಯಾಚರಣೆಯ ಬೆನ್ನಿಗೆ ಅದೇ ಸೀಮೆಯಲ್ಲಿ ನಮ್ಮ ನೆರೆಮನೆಯ ನೇಕಾರ ಅಬ್ದುಲಸಾಬನ ಅಳಿಯನನ್ನು ನಮ್ಮವರೆನಿಸಿಕೊಂಡವರು ಕೊಂದರು. ಅಬ್ದುಲಸಾಬನ ಮಗಳು ಮಲಿಕಾ ತವರಿಗೆ ಬಂದಳು, ನನ್ನ ತಂಗಿಯೂ ಬಂದಳು. ಗೋಡೆಗೆ ಗೋಡೆ ಹತ್ತಿದ ಮನೆಗಳು. ಅಂದಿನಿಂದ ಒಬ್ಬರ ಮುಖ ಒಬ್ಬರು ನೋಡಿಲ್ಲ.

ಅತಿಥಿಗಳ ವಿಷಯ ಕೇಳಿ ತಂಗಿ, “ತಮ್ಮನ್ನ ಕಳಕೊಂಡಾಕಿ ಆ ಮನಷ್ಯಾನ ಮುಂದ ಹೆಂಗ ಕುಂದರ್ತಾಳ, ನೋಡ್ತೇನಿ ನಾ,” ಎಂದಳು. ಮಲಿಕಾಳೂ ಒಪ್ಪಿದಳು. ನನಗೆ ಇನ್ನೇನು ಬೇಕಿತ್ತು?

ಪರವಾನಗಿಗೆ ಬಂದರೆ ತಮ್ಮ ಕಚೇರಿಯಲ್ಲಿ ಮೊದಲು ಭಾಷಣದ ಪ್ರತಿ ಕೇಳಿದರು. ಭಾಷಣವಿಲ್ಲ, ಮಾತುಕತೆ ಎಂದೆ. “ಹಂಗಾದ್ರ ಏನೇನು ಮಾತಾಡ್ತಾರಂತ ಮದಲಽ ಬರದು ಕೊಡ್ರಿ,” ಎಂದರು ತಮ್ಮ ಕಾರಕೂನರು. ಬಳಿಕ ತಮ್ಮ ಅಪ್ಪಣೆಯಾಯಿತು: ಅರಬರು ಶುಕ್ರವಾರ ಮುಸಲ್ಮಾನರಿಗೆ ಮಾತಾಡಲಿ, ಯಹೂದಿ ಬಾಯಿಯವರು ಶನಿವಾರ ಉಳಿದವರಿಗೆ. ಮಹಾಸ್ವಾಮಿ, ತಮ್ಮ ಮನೆಯ ಮದುವೆಯನ್ನೂ ವರನಿಗೊಂದು ದಿನ, ವಧುವಿಗೊಂದು ದಿನ ಮಾಡುತ್ತೀರೇನು?

ಮನೆಯಂಗಳಕ್ಕೆ ಯಾರ ಅಪ್ಪಣೆ ಎಂದು ಗುರುವಾರವೇ ಅಬ್ದುಲಸಾಬನ ಅಂಗಳದಲ್ಲಿ ಕೂಡಿದೆವು. ತಂಗಿ ಬಂದು ಬಾಗಿಲಲ್ಲೇ ನಿಂತಳು. ಮಲಿಕಾ ಸರಿದು ಜಾಗ ಮಾಡಿ, “ಬಾರಬೇ ಅಕ್ಕಾ, ಇಲ್ಲೇ ಕುಂದ್ರು ಬಾ,” ಎಂದಳು. ಇಷ್ಟು ವರ್ಷಗಳಲ್ಲಿ ಅದೇ ಮೊದಲ ಮಾತು. ತಂಗಿ ಒಂದು ಕಾಲು ಒಳಗಿಟ್ಟಿದ್ದಳು. ಅಷ್ಟರಲ್ಲಿ ಫೌಜದಾರರು ಬಂದು, “ಏಳ್ರಿ, ಎಲ್ಲಾರೂ ಏಳ್ರಿ. ಸಾಹೇಬರ ಹುಕುಂ ಆಗೇತಿ,” ಎಂದರು.

ಫಾಯೆಕ್ ನನ್ನ ಕಡೆ ತಿರುಗಿ, “ನಮ್ಮಲ್ಲಿ ಈ ಯೂದಿತಳ ಊರಿಗೆ ಹೋಗಬೇಕಾದರೆ ನಾನು ಸೈನ್ಯದ ಅಧಿಕಾರಿಯಿಂದ ಚೀಟಿ ತರಬೇಕು. ನಿಮ್ಮಲ್ಲಿ ಹಾಗಿಲ್ಲವೆಂದು ಬರೆದಿದ್ದಿರಿ,” ಎಂದ. ಅವನ ಮುಖ ನೋಡಲು ನನಗಾಗಲಿಲ್ಲ. ಮರುದಿನ ಇಬ್ಬರನ್ನೂ ಬಸ್ಸು ಹತ್ತಿಸಿ ಬಂದೆ.

ಮಲಿಕಾ ಇನ್ನೂ ಕರೆಯುತ್ತಿದ್ದಾಳೆ. ತಂಗಿ ಮಾತ್ರ, “ನನ್ನ ಕರೀಬ್ಯಾಡ ಯಣ್ಣಾ. ಪೊಲೀಸರು ಬರೂವಂಥಾ ಕೆಲಸ ಅಂತ ನನಗ ಗೊತ್ತಿರಲಿಲ್ಲ,” ಎನ್ನುತ್ತಾಳೆ.

ಆದ್ದರಿಂದ ನನ್ನ ಬೇಡಿಕೆ ಒಂದೇ. ತಾವು ಖುದ್ದಾಗಿ ನಮ್ಮ ಮನೆಗೆ ಬಂದು, ನೆರೆಯವಳೊಂದಿಗೆ ಮಾತಾಡುವುದು ಅಪರಾಧವಲ್ಲವೆಂದು ಸಿದ್ದಲಿಂಗವ್ವನಿಗೆ ಹೇಳಬೇಕು. ನಾನು ಹೇಳಿದರೆ ಅವಳು ನಂಬುತ್ತಿಲ್ಲ.

ಇಂತಿ,
ಅತಿಥಿಗಳೆದುರೂ ತಂಗಿಯೆದುರೂ ಸುಳ್ಳನೆನಿಸಿಕೊಂಡ
ಅಂದಪ್ಪ ಮಾಸ್ತರ, ಇಳಕಲ್