ಬಿರಡೆಯಿಲ್ಲದ ದೋಣಿ

ವಿಸ್ಕಾನ್ಸಿನ್
6 ಆಗಸ್ಟ್ 1951

ಪ್ರಿಯ ಆರ್ವಲ್,

ಕ್ಷೇಮ ಆಮೇಲೆ ವಿಚಾರಿಸುತ್ತೇನೆ. ಕೆಲಸವಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಸ್ಕೌಟ್ ಹುಡುಗರ ‘ಬಾಣದ ಬಳಗ’ಕ್ಕೆ ಈ ಬೇಸಿಗೆಗೆ ಇಪ್ಪತ್ತೈದು ವರ್ಷ ತುಂಬಿತು. ಈಗಿನ ಹುಡುಗರಿಗೆ ಲಾಂಛನದ ಆಮೆ ಬೇಡವಂತೆ. ಪಕ್ಕದೂರಿನ ಬಳಗದವರದು ಹದ್ದು. ನಮ್ಮವರನ್ನು ಕಂಡರೆ, "ಏನ್ರೋ, ಹೋದ ವರ್ಷ ಹೊರಟೋರು ಈಗ ಬಂದ್ರಾ?" ಎನ್ನುತ್ತಾರಂತೆ. ಶನಿವಾರ ಶಿಬಿರದ ಬೆಂಕಿಯ ಮುಂದೆ ಕೈ ಎತ್ತಿ ತೀರ್ಮಾನ. ಆಮೆಯ ಕಥೆಯನ್ನು ನಾನು ಹೇಳಿದರೆ, ಕಟ್ಟಿದ್ದು ಎನ್ನುತ್ತಾರೆ. ನೀನು ಬಂದು ಹೇಳಬೇಕು.

ನೀನು ಬರಲಾರೆ ಎಂದೂ ಗೊತ್ತು. ಬಳಗ ಶುರುವಾದ ಆ ಬೇಸಿಗೆ ಶಿಬಿರದ ಹುಡುಗರು ಓಟು ಹಾಕಿ ಮೊದಲು ಆರಿಸಿದ್ದು ನಮ್ಮಿಬ್ಬರನ್ನು. ಬಳಗ ಸೇರಿ ಹೆಗಲಿಗೆ ಬಾಣದ ಪಟ್ಟಿ ಹಾಕಿಕೊಳ್ಳಬೇಕಾದರೆ ಒಂದಿಡೀ ದಿನ ತುಟಿ ಬಿಚ್ಚದೆ ದುಡಿಯಬೇಕಿತ್ತು. ಒಂದು ಮಾತು ಹೊರಬಿದ್ದರೂ ಮುಗಿಯಿತು. ನಾನು ದಡದಲ್ಲಿ ಸೌದೆ ಒಡೆಯುತ್ತಿದ್ದೆ, ನೀನು ದೋಣಿಕಟ್ಟೆಯ ಹಲಗೆಗಳಿಗೆ ಮೊಳೆ ಹೊಡೆಯುತ್ತಿದ್ದೆ. ನಮ್ಮ ಸ್ಕೌಟ್ ಮೇಷ್ಟ್ರು ಥೋರ್ಸನ್ ಸಂಜೆಯ ಊಟದ ಬೀನ್ಸ್ ಪಾತ್ರೆ ಹೇರಿಕೊಂಡು ಸರೋವರದ ನಡುವಿನ ದ್ವೀಪಕ್ಕೆ ಹುಟ್ಟು ಹಾಕುತ್ತ ಹೊರಟರು. ದೋಣಿಯ ತಳದ ತೂತು ಮುಚ್ಚುವ ಬಿರಡೆ ಮಾತ್ರ ಕಟ್ಟೆಯ ಮೇಲೆ, ನಿನ್ನ ಕಾಲ ಬಳಿ ಬಿದ್ದಿತ್ತು. ನೀನು ಅದನ್ನೆತ್ತಿ ಬೀಸಿದೆ, ಕುಣಿದೆ. ಅವರು ಸಲ್ಯೂಟ್ ಹೊಡೆದರು. ಆಮೇಲೆ ಮುಳುಗಿದರು.

ತಲೆಯ ಮೇಲೆ ಖಾಲಿ ಪಾತ್ರೆ ಹೊತ್ತು ಅವರು ನಡೆದು ಬಂದಾಗ ಶಿಬಿರವೆಲ್ಲ ಬಿದ್ದು ಬಿದ್ದು ನಕ್ಕಿತು. ಮರುದಿನ ದೋಣಿ ಎಳೆದರೆ ಒಳಗೊಂದು ಆಮೆ. "ಇವನಿಗೂ ಬಾಯಿ ಮುಚ್ಕೊಂಡಿರೋಕೆ ಬರುತ್ತೆ, ಸೇರಿಸ್ಕೊಳ್ರಪ್ಪ" ಎಂದರು ಮೇಷ್ಟ್ರು. ನಮ್ಮ ಲಾಂಛನ ಹುಟ್ಟಿದ್ದು ಹೀಗೆ.

ನೀನೊಬ್ಬ ನಗಲಿಲ್ಲ. "ಒಂದು ಪಟ್ಟಿಯ ಆಸೆಗೆ ಮನುಷ್ಯ ಮುಳುಗೋದನ್ನ ನೋಡ್ತಾ ನಿಂತೆನಲ್ಲ ನಾನು" ಎಂದೆ ನೀನು. ಬಾಣದ ಪಟ್ಟಿಯನ್ನು ಕೈಗೆ ಬಂದ ದಿನವೇ ಮಡಿಸಿಟ್ಟೆ. ಆಮೇಲೆ ಶಿಬಿರದ ದಾರಿ ತುಳಿಯಲಿಲ್ಲ. ನಾನೂ ಕರೆಯಲಿಲ್ಲ. ಮೌನಕ್ಕೆ ನಮಗೆ ತರಬೇತಿ ಚೆನ್ನಾಗಿಯೇ ಆಗಿತ್ತಲ್ಲ.

ಈಗ ಕರೆಯುತ್ತಿದ್ದೇನೆ. ಬಾ.

ನಿನ್ನ
ಮರ್ಲ್

ಮರೆತಿದ್ದೆ: ಮೊನ್ನೆ ಮೇಷ್ಟ್ರ ಹತ್ತಿರ ನಿನ್ನ ಮಾತು ತೆಗೆದೆ. "ಬಿರಡೆ ನಂಗೆ ಕಾಣಿಸ್ದೆ ಇರುತ್ತೇನೋ? ನೀರು ಆಗ್ಲೇ ಬೂಟಿನೊಳಗೆ ಬಂದಿತ್ತು! ಹುಡುಗ ಬಾಯಿ ತೆರೆದ. ಕೂಗೇ ಬಿಡ್ತಾನೆ, ಪಾಪ, ದಿನವೆಲ್ಲ ಪಟ್ಟ ಕಷ್ಟ ದಂಡ ಆಗುತ್ತೆ ಅಂತ ಗಡಬಡಿಸಿ ಸಲ್ಯೂಟ್ ಹೊಡೆದು ಜೋರಾಗಿ ಹುಟ್ಟು ಹಾಕ್ದೆ. ಅಲ್ಲಿ ಎದೆಮಟ್ಟ ನೀರು, ನಂಗೊತ್ತಿಲ್ವಾ? ಬೀನ್ಸ್ ಹೋಗಿದ್ದಕ್ಕೆ ಮಾತ್ರ ಇವತ್ತಿಗೂ ಹೊಟ್ಟೆ ಉರಿಯುತ್ತೆ" ಎಂದರು. ಶನಿವಾರ ಅದೇ ದೋಣಿಯಲ್ಲಿ ದ್ವೀಪಕ್ಕೆ ಹೋಗಬೇಕಂತೆ ಅವರಿಗೆ. ಬಿರಡೆ ಇನ್ನೂ ನಿನ್ನ ಹತ್ತಿರವೇ ಇರಬೇಕು. ತೆಗೆದುಕೊಂಡು ಬಾ.