ಕ್ರೇಟಿನ ಮೇಲೆ ನಿಂತು ಆಡಿದ ಮಾತು

ಹ್ಯಾಲ್ಡನ್‌ಶಾ,
ಮೇ ತಿಂಗಳು, ಭಾನುವಾರ ಮಧ್ಯಾಹ್ನ

ಮುದ್ದಿನ ಬ್ರೈಯನಿ,

ಇಂಗ್ಲೆಂಡಿನಲ್ಲಿ ಫುಟ್‌ಬಾಲನ್ನು ಪೂರ್ತಿಯಾಗಿ ಬಲ್ಲವರು ಇಬ್ಬರೇ ಇದ್ದರು. ಒಬ್ಬನನ್ನು ಮಾರ್ಚಿನಲ್ಲಿ ಮಣ್ಣು ಮಾಡಿ ಬಂದೆವು, ಅವನಿಗೂ ಕಲಿಸಿದವನು ನಾನೇ. ನಮ್ಮ ದೇಶ ವಿಶ್ವಕಪ್ ಗೆದ್ದ ವರ್ಷ, ಎಡಗಾಲಲ್ಲಿ ಒದೆಯುವವನೊಬ್ಬ ಬೇಕೆಂದು ನಮ್ಮ ಮನೆ ಬಾಗಿಲಿಗೆ ಕಾರು ಕಳಿಸಿದ್ದರು. ಅವತ್ತು ನನ್ನ ಪಾರಿವಾಳಗಳ ಪಂದ್ಯವಿತ್ತು, ಪುರುಸೊತ್ತಿಲ್ಲ ಎಂದು ಕಾರನ್ನು ಹಾಗೇ ವಾಪಸು ಕಳಿಸಿದೆ. ನಿನ್ನಮ್ಮ ಇದನ್ನು ಸುಳ್ಳು ಅನ್ನುತ್ತಾಳೆ. ಅವಳ ಮಾತು ನಂಬಬೇಡ, ಆಗ ಅವಳಿನ್ನೂ ಬೆರಳು ಚೀಪುತ್ತಿದ್ದಳು.

ಇಷ್ಟು ದೊಡ್ಡ ಮನುಷ್ಯ ನಿನ್ನ ಎರಡು ಪತ್ರಗಳಿಗೆ ಉತ್ತರ ಬರೆಯದೆ ಕೂತದ್ದಕ್ಕೆ ಸಿಟ್ಟಾಗಬೇಡ. ಕೈಬೆರಳು ಹಿಡಿದುಕೊಂಡಿತ್ತು ಎಂದು ಬರೆಯೋಣವೆಂದಿದ್ದೆ. ಆದರೆ ನೀನು ದಾದಿಯ ಕೆಲಸ ಮಾಡುವವಳು, ಯಾವ ಬೆರಳು, ಎಷ್ಟು ಊದಿದೆ ಎಂದು ಕೇಳುತ್ತೀ. ಶೆಟ್ಲೆಂಡಿನ ಗಾಳಿ ಹೇಗಿದೆ? ಅಲ್ಲಿನ ಮೀನು ತಿಂದು ದಪ್ಪಗಾಗಿದ್ದೀಯೋ ಇಲ್ಲವೋ?

ನೀನು ಕೇಳಿದ್ದು ಒಂದೇ ಪ್ರಶ್ನೆ. "ಮಾಮ, ಐಲೀನ್ ಅತ್ತೆಯ ಕ್ಯಾರವಾನ್ ಮಾರಿ ಟೌನ್ ತಂಡದ ಮೇಲೆ ಬಾಜಿ ಕಟ್ಟಿದೆಯಂತೆ, ನಿಜವಾ?" ಎರಡನೆಯ ಪತ್ರದಲ್ಲಿ 'ನಿಜವಾ' ಎಂಬುದರ ಕೆಳಗೆ ಗೆರೆ ಬೇರೆ ಎಳೆದಿದ್ದೀ, ಕಾಗದ ಹರಿಯುವಷ್ಟು. ಹೇಳುತ್ತೇನೆ, ಸ್ವಲ್ಪ ತಾಳು. ಸಮುದ್ರದ ದಂಡೆಯ ಆ ಪುಟ್ಟ ತಗಡಿನ ಮನೆಯಲ್ಲಿ ನಿನ್ನ ಬೇಸಿಗೆಗಳೆಲ್ಲ ಕಳೆದವು, ನಿನ್ನ ಅತ್ತೆ ತನ್ನ ಕೈಯಾರೆ ಹೊಲಿದ ಹಳದಿ ಪರದೆ ಇನ್ನೂ ನಿನ್ನ ಕಣ್ಣಲ್ಲಿದೆ, ನನಗೆ ಗೊತ್ತು. ಆದರೆ ಮೊದಲು ನಮ್ಮ ತಂಡದ ಕ್ಯಾಪ್ಟನ್ ಓಗ್ಡನ್‌ನ ಕಥೆ ಹೇಳದಿದ್ದರೆ ಉಳಿದದ್ದು ನಿನಗೆ ಅರ್ಥವಾಗುವುದಿಲ್ಲ.

ನಾವು ಇಳಿದೆವು, ಬ್ರೈಯನಿ. ಹ್ಯಾಲ್ಡನ್‌ಶಾ ಟೌನ್ ಕೆಳಗಿನ ಡಿವಿಷನ್‌ಗೆ ಹೋಯಿತು. ಇನ್ನು ಮುಂದೆ ನಮ್ಮ ಎದುರಾಳಿಗಳು ಯಾರು ಗೊತ್ತೇ? ಹಸು ಮೇಯುವ ಹೊಲದ ಪಕ್ಕದಲ್ಲಿ ಮೈದಾನ ಇಟ್ಟುಕೊಂಡವರು.

ಹೊಸ ವರ್ಷದ ದಿನದ ನಮ್ಮ ಪದ್ಧತಿ ನಿನಗೆ ಗೊತ್ತೇ ಇದೆ. ಆಟ ಮುಗಿದ ಮೇಲೆ ಅಭಿಮಾನಿಗಳ ಬಾರಿನಲ್ಲಿ, ಅದನ್ನು ನಡೆಸುವ ಗ್ಲೆನಿಸ್ ಖಾಲಿ ಬಿಯರ್ ಕ್ರೇಟನ್ನು ಬೋರಲು ಹಾಕುತ್ತಾಳೆ. ಮನಸ್ಸಿದ್ದವರು ಅದರ ಮೇಲೆ ಹತ್ತಿ ತಂಡಕ್ಕಾಗಿ ಒಂದು ಮಾತು ಕೊಡಬೇಕು. ಮೀಸೆ ಬೋಳಿಸುತ್ತೇನೆ ಅನ್ನುವವರಿದ್ದಾರೆ, ಅತ್ತೆಮನೆಯವರ ಜತೆ ರಜೆಗೆ ಹೋಗುತ್ತೇನೆ ಅನ್ನುವ ಧೈರ್ಯಶಾಲಿಗಳೂ ಇದ್ದಾರೆ. ಬಾರಿನಲ್ಲಿ ಎಷ್ಟು ಬೇಕಾದರೂ ಬುರುಡೆ ಬಿಡಬಹುದು. ಕ್ರೇಟಿನ ಮೇಲೆ ಬಿಡುವಂತಿಲ್ಲ. ನನ್ನಜ್ಜನ ಕಾಲದಿಂದಲೂ ಅಲ್ಲಿ ಯಾರೂ ಸುಳ್ಳಾಡಿದ್ದಿಲ್ಲ, ಯಾರೂ ಅನುಮಾನಪಟ್ಟಿದ್ದೂ ಇಲ್ಲ.

ಈ ವರ್ಷ ನಾವು ಪಟ್ಟಿಯ ತಳದಲ್ಲಿದ್ದೆವು. ಕ್ರೇಟು ಸುಮ್ಮನೆ ಬಿದ್ದಿತ್ತು, ಒಬ್ಬರೂ ಹತ್ತಲಿಲ್ಲ. ಆಟಗಾರರು ಸ್ನಾನ ಮುಗಿಸಿ ಬಂದು ಗೋಡೆಗೆ ಒರಗಿ ನಿಂತಿದ್ದರು, ಸಾವಿನ ಮನೆಗೆ ಬಂದವರ ಹಾಗೆ. ಆಗ ನನ್ನ ಪಕ್ಕದ ಸೀಟಿನ ಮರ್ವಿನ್ ಶುರುಮಾಡಿದ.

"ಏನೋ ಹೊರೇಸ, ಇವತ್ತು ಬಾಯಿಗೆ ಬೀಗ ಬಿತ್ತಾ? ನಿನ್ ಬಾಯಿ ಮೊದಲನೇ ಡಿವಿಷನ್ನು, ಜೇಬು ಮಾತ್ರ ಸ್ಕೂಲ್ ಮೈದಾನ!"

ಎಲ್ಲರೂ ನಕ್ಕರು. ನನಗೆ ಚುರುಕ್ ಎಂದಿತು. ಹತ್ತಿಬಿಟ್ಟೆ. "ಐಲೀನಳ ಕ್ಯಾರವಾನ್ ಮಾರಿದ್ದೀನಿ ಕಣ್ರೋ! ಬಂದ ಅಷ್ಟೂ ದುಡ್ಡು ಬಾಜಿ ಅಂಗಡೀಲಿ ಇಟ್ಟಿದ್ದೀನಿ, ಟೌನ್ ಇಳಿಯಲ್ಲ ಅಂತ!" ಎಂದೆ.

ಯಾರೂ ನಗಲಿಲ್ಲ, ಮಗಳೇ. ಗ್ಲೆನಿಸ್ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. ಐಲೀನಳನ್ನು ಅಲ್ಲಿ ಎಲ್ಲರೂ ಬಲ್ಲರು, ಅವಳು ತೀರಿಹೋದ ಮೇಲೆ ಆ ಕ್ಯಾರವಾನ್ ನನಗೆ ಏನೆಂಬುದನ್ನೂ ಬಲ್ಲರು. ಆಮೇಲೆ ಛಾವಣಿ ಹಾರಿಹೋಗುವ ಹಾಗೆ ಕೂಗು ಎದ್ದಿತು. ಗೋಡೆಗೆ ಒರಗಿದ್ದ ಕ್ಯಾಪ್ಟನ್ ಓಗ್ಡನ್ ಮಾತ್ರ ಕೂಗಲಿಲ್ಲ. ನನ್ನನ್ನೇ ನೋಡುತ್ತ ನಿಂತಿದ್ದ.

ಓಗ್ಡನ್‌ಗೆ ಮೂವತ್ತೇಳು. ವಾರವೆಲ್ಲ ಮನೆಮನೆಗೆ ಹೋಗಿ ಬಿಸಿನೀರಿನ ಬಾಯ್ಲರ್ ರಿಪೇರಿ ಮಾಡುತ್ತಾನೆ, ಶನಿವಾರ ನಮ್ಮ ರಕ್ಷಣೆಯ ಗೋಡೆಯಾಗಿ ನಿಲ್ಲುತ್ತಾನೆ. ಫೆಬ್ರವರಿಯಲ್ಲಿ ನನ್ನ ಬಾಯ್ಲರ್ ಕೆಟ್ಟಾಗ ಅವನೇ ಬಂದ. ನೆಲಕ್ಕೆ ಮಂಡಿಯೂರಲು ಹೋಗಿ ಹಲ್ಲು ಕಚ್ಚಿಕೊಂಡದ್ದನ್ನು ಕಂಡೆ.

"ಏನಪ್ಪಾ ಮಂಡಿ?" ಎಂದೆ.

"ಜನವರೀಲಿ ಆಪರೇಷನ್ ಮಾಡಿಸ್ಬೇಕಿತ್ತು ಯಜಮಾನ್ರೇ. ಮುಂದಕ್ಕೆ ಹಾಕಿಸ್ಕೊಂಡೆ. ನೀವು ಮನೆಯವರ ನೆನಪನ್ನೇ ಮಾರಿ ನಮ್ ಮೇಲೆ ಇಟ್ಟಿದ್ದೀರಿ. ನಾನು ಆಸ್ಪತ್ರೆ ಹಾಸಿಗೇಲಿ ಮಲಗಿ ರೇಡಿಯೋ ಕೇಳ್ಲಾ?"

ಬಾಯ್ಲರ್ ಸರಿಮಾಡಿದ, ಒಂದು ಕಾಸೂ ಮುಟ್ಟಲಿಲ್ಲ. ಮುಟ್ಟಿದ್ದು ಚಹಾ ಮತ್ತು ಬಿಸ್ಕತ್ತು ಮಾತ್ರ. ಆಗಲೇ ಅವನಿಗೆ ಹೇಳಬೇಕಾದ್ದು ಹೇಳಬಹುದಿತ್ತು. ನಾನು ಹೇಳಿದ್ದು ನನ್ನ ಎಡಗಾಲಿನ ಕಥೆ, ಕಾರು ಬಂದದ್ದು, ಪಾರಿವಾಳ. ಪಾಪ, ಕೊನೆಯವರೆಗೂ ಕೇಳಿಸಿಕೊಂಡ.

ಆಮೇಲೆ ಅವನು ಆಡಿದ ಆಟವನ್ನು ನೀನು ನೋಡಬೇಕಿತ್ತು! ಇಲ್ಲಿ ನಾನು ಒಂದಕ್ಷರವೂ ಸೇರಿಸುತ್ತಿಲ್ಲ. ಗೋಲಿನ ಬಾಯಿಗೆ ಬಂದ ಚೆಂಡಿಗೆ ಕಾಲು ಎಟುಕದಿದ್ದರೆ ಮುಖ ಒಡ್ಡುತ್ತಿದ್ದ. ಕೆಸರಿನಲ್ಲಿ ಬಿದ್ದರೆ ಮೊದಲು ಪಕ್ಕದಲ್ಲಿ ಬಿದ್ದವನನ್ನು ಎಬ್ಬಿಸಿ ಆಮೇಲೆ ತಾನು ಏಳುತ್ತಿದ್ದ. ಆಲಿಕಲ್ಲು ಬಿದ್ದ ಒಂದು ಶನಿವಾರ ನಮ್ಮ ಗೋಲ್‌ಕೀಪರನಿಗೇ ಚೆಂಡು ಕಾಣಿಸುತ್ತಿರಲಿಲ್ಲ. ಇವನು ಕಂಬದ ಪಕ್ಕ ನಿಂತು, "ಎಡಕ್ಕೆ ಬಾ, ಇನ್ನೂ ಎಡಕ್ಕೆ, ನಿಮ್ಮಮ್ಮನ ಮನೆ ಕಡೆ ಕಣೋ!" ಎಂದು ದಾರಿ ತೋರಿಸುತ್ತಿದ್ದ. ತಳದಲ್ಲಿದ್ದ ತಂಡ ಒಂದೊಂದೇ ಮೆಟ್ಟಿಲು ಹತ್ತತೊಡಗಿತು. ಮರ್ವಿನ್ ನನ್ನ ಬೆನ್ನಿಗೆ ಗುದ್ದಿ, "ನಿನ್ ಕ್ಯಾರವಾನ್ ಓಡ್ತಿದೆ ಕಣೋ, ಓಡ್ತಿದೆ!" ಅನ್ನುತ್ತಿದ್ದ. ನಾನೂ ನನ್ನ ಮಾತನ್ನು ನಾನೇ ನಂಬಿಬಿಟ್ಟಿದ್ದೆ ಅಂತ ಕಾಣುತ್ತದೆ.

ಕೊನೆಯ ಪಂದ್ಯ ನಮ್ಮ ಮೈದಾನದಲ್ಲೇ, ವೆಲ್‌ಬರೋ ತಂಡದ ಎದುರು. ಗೆದ್ದರೆ ಉಳಿಯುತ್ತೇವೆ, ಸಮವಾದರೆ ಇಳಿಯುತ್ತೇವೆ. ಅರ್ಧ ಆಟ ಮುಗಿಯುವಾಗ ಇಬ್ಬರದೂ ಒಂದೊಂದು ಗೋಲು. ಎಂದಿನಂತೆ ನಾವೆಲ್ಲ ಬಿಸಿ ಮಾಂಸದ ಪೈ ಕೈಯಲ್ಲಿ ಹಿಡಿದು ಮೈದಾನವನ್ನು ಬಳಸಿ ಆ ತುದಿಗೆ ನಡೆದೆವು, ನಮ್ಮವರು ಗೋಲು ಹೊಡೆಯುವಾಗ ಹತ್ತಿರ ಇರಬೇಕಲ್ಲ. ಕೊನೆಯ ಹೊತ್ತಿಗೆ ಓಗ್ಡನ್‌ನ ಮಂಡಿ ಕೈಕೊಟ್ಟಿತು. ಬದಲಿ ಆಟಗಾರರೆಲ್ಲ ಆಗಲೇ ಒಳಗೆ ಬಂದಾಗಿತ್ತು. ಹೊರಗೆ ಬಾ ಎಂದು ತರಬೇತುದಾರ ಕೈ ಬೀಸಿದ. ಇವನು ಕುಂಟುತ್ತ ಮುಂದಕ್ಕೆ ಬಂದು ಅವರ ಗೋಲಿನ ಎದುರೇ ನಿಂತ. ಕಾರ್ನರಿನಿಂದ ಚೆಂಡು ತೇಲಿ ಬಂತು. ಒಂದೇ ಕಾಲಲ್ಲಿ ನೆಗೆದ, ಬ್ರೈಯನಿ. ಎಲ್ಲರ ತಲೆಗಿಂತ ಮೇಲೆ ಹೋದ. ಚೆಂಡು ಅವನ ಹಣೆಗೆ ಬಡಿದು, ಗೋಲಿನ ಅಡ್ಡಪಟ್ಟಿಗೆ ಬಡಿಯಿತು. ಆ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ವಾಪಸು ಬಂದ ಚೆಂಡನ್ನು ಅವರು ಹೊರಗೆ ಒದ್ದರು, ರೆಫರಿ ಸೀಟಿ ಊದಿದ.

ಯಾರೂ ಮನೆಗೆ ಹೊರಡಲಿಲ್ಲ. ನಮ್ಮ ಆಟಗಾರರು ಎಲ್ಲೆಂದರಲ್ಲಿ ಬಿದ್ದಿದ್ದರು. ಓಗ್ಡನ್ ಕುಂಟುತ್ತ ಒಬ್ಬೊಬ್ಬರ ಹತ್ತಿರ ಹೋಗಿ ಕಂಕುಳಿಗೆ ಕೈ ಹಾಕಿ ಎಬ್ಬಿಸಿದ. ಗ್ಲೆನಿಸ್ ಮೊದಲು ಹಾಡು ಎತ್ತಿಕೊಂಡಳು, ಅವಳ ಗಂಟಲು ನಿನಗೆ ಗೊತ್ತಲ್ಲ, ತುಕ್ಕು ಹಿಡಿದ ಗೇಟು. ಆಮೇಲೆ ಇಡೀ ಸ್ಟ್ಯಾಂಡು ಹಾಡಿತು. ವೆಲ್‌ಬರೋದಿಂದ ಬಂದವರು ಕೂಡ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಗೆದ್ದವರನ್ನೂ ಯಾರೂ ಹಾಗೆ ಬೀಳ್ಕೊಟ್ಟದ್ದನ್ನು ನಾನು ನೋಡಿಲ್ಲ.

ಓಗ್ಡನ್ ನೇರ ನನ್ನ ಕಡೆ ಬಂದ. ಕಟಕಟೆಯಾಚೆ ನಿಂತು, ತೋಳಿಗೆ ಕಟ್ಟಿದ್ದ ಕ್ಯಾಪ್ಟನ್ ಪಟ್ಟಿ ಬಿಚ್ಚಿ ನನ್ನ ಕೈಗಿಟ್ಟ.

"ಯಜಮಾನ್ರೇ, ನಿಮ್ಮ ಕ್ಯಾರವಾನ್ ಉಳಿಸ್ಕೊಡೋಕೆ ಆಗ್ಲಿಲ್ಲ. ತಪ್ಪು ತಿಳ್ಕೋಬೇಡಿ."

ಕೆಸರು, ಬೆವರು, ಹಣೆಯ ಮೇಲೆ ಚೆಂಡಿನ ಗುರುತು. ನಾನು ಪಟ್ಟಿಯ ಕೆಸರು ಒರೆಸುತ್ತ ನಿಂತೆ. ಮರ್ವಿನ್ ಕಣ್ಣೊರೆಸಿಕೊಳ್ಳುತ್ತ, "ಇವನ ಬಾಯಿ ಮುಚ್ಚಿದ್ದು ಇದೇ ಮೊದಲು. ಇದಕ್ಕೇ ಒಂದು ಕಪ್ ಕೊಡ್ಬೇಕು ನಿಂಗೆ," ಎಂದು ಓಗ್ಡನ್‌ಗೆ ಹೇಳಿದ.

ಅಂದಿನಿಂದ ಊರಿನಲ್ಲಿ ನಾನು ಪೈಗೆ ದುಡ್ಡು ಕೊಟ್ಟಿಲ್ಲ, ಯಾರೂ ತೆಗೆದುಕೊಳ್ಳುವುದಿಲ್ಲ. ಕ್ಷೌರದವನು ಕೂಡ ಬೇಡವೆಂದ. ಇಷ್ಟೇ ಆಗಿದ್ದರೆ ನಾನು ಸುಖವಾಗಿ ತಿಂದು, ಕ್ಷೌರ ಮಾಡಿಸಿಕೊಂಡು ಇರುತ್ತಿದ್ದೆ, ನನ್ನ ಸ್ವಭಾವ ನಿನಗೆ ಗೊತ್ತು. ಆದರೆ ಬರುವ ಶನಿವಾರ ಓಗ್ಡನ್‌ನ ಬೀಳ್ಕೊಡುಗೆಯ ಪಂದ್ಯ. ಟಿಕೆಟ್ಟಿನ ಹಣವೆಲ್ಲ ಅವನಿಗೆ ಸೇರಬೇಕು, ಇಷ್ಟು ವರ್ಷ ಆಡಿದ್ದಕ್ಕೆ ಅದೊಂದೇ ಗಂಟು. ಮಂಡಿ ಆಪರೇಷನ್ ಆದ ಮೇಲೆ ತಿಂಗಳುಗಟ್ಟಲೆ ಬಾಯ್ಲರ್ ಕೆಲಸಕ್ಕೂ ಹೋಗಲಾರ. ಅಂಥವನು ಮೊನ್ನೆ ಬಾರಿನಲ್ಲಿ ಎಲ್ಲರೆದುರು, ಅದರಲ್ಲಿ ಅರ್ಧ ನನ್ನ ಕ್ಯಾರವಾನ್ ಮರಳಿ ಕೊಳ್ಳಲು ಎಂದು ಹೇಳಿಬಿಟ್ಟ. ಪಕ್ಕದಲ್ಲಿದ್ದ ಅವನ ಹೆಂಡತಿ ಮುಖ ಕೂಡ ಸಣ್ಣ ಮಾಡಲಿಲ್ಲ. "ಸರಿಯಾಗೇ ಹೇಳ್ದ," ಎಂದಳು.

ಹಾಗಾಗಿ ನಿನ್ನೆ ಹೋಗಿ, ಶನಿವಾರ ಆಟಕ್ಕೆ ಮುಂಚೆ ಕ್ರೇಟು ಹೊರಗೆ ಹಾಕು ಎಂದು ಗ್ಲೆನಿಸ್‌ಗೆ ಹೇಳಿದೆ.

"ಮೇ ತಿಂಗಳಲ್ಲಾ? ಯಾಕೆ, ಮಾರೋಕೆ ಇನ್ನೇನು ಉಳಿದಿದೆ ನಿನ್ ಹತ್ರ, ಪ್ಯಾಂಟಾ?" ಎಂದಳು.

"ಹಾಕೇ ಮಾರಾಯ್ತಿ," ಎಂದೆ. ನನ್ನ ಮುಖ ನೋಡಿ, "ಆಯ್ತು, ಹಾಕ್ತೀನಿ," ಎಂದಳು.

ಶನಿವಾರ ಅದರ ಮೇಲೆ ಹತ್ತಿ ಏನು ಹೇಳಬೇಕೆಂದು ಬೆಳಗಿನಿಂದ ಬಾಯಿಪಾಠ ಮಾಡುತ್ತಿದ್ದೇನೆ. ಬೇರೆ ಮಾತೆಲ್ಲ ಬರುತ್ತದೆ, ಬಾಜಿಯ ಆ ಒಂದು ಮೊತ್ತದ ಹತ್ತಿರ ಬಂದಾಗ ಮಾತ್ರ ಮತ್ತೆ ಮೊದಲಿಂದ ಶುರುಮಾಡುತ್ತೇನೆ. ಮೊದಲು ನಿನಗೆ ಬರೆದು ನೋಡೋಣವೆಂದು ಕೂತೆ. ನೋಡು, ಇಷ್ಟು ಬರೆದರೂ ಇನ್ನೂ ಬರೆದಿಲ್ಲ.

ಚಳಿಯಲ್ಲಿ ಕೆಲಸ ಮಾಡುವವಳು ನೀನು, ಕಾಲು ಬೆಚ್ಚಗೆ ಇಟ್ಟುಕೋ. ನಿನ್ನ ಕೈ ಮುಟ್ಟಿದ ರೋಗಿಗಳೆಲ್ಲ ಎದ್ದು ಓಡಾಡಲಿ. ನಿನಗೆ ಗಂಡ ಸಿಗುವುದಾದರೆ ಓಗ್ಡನ್‌ನಂಥವನು ಸಿಗಲಿ, ನನ್ನಂಥವನಲ್ಲ. ನಿನ್ನತ್ತೆ ಇದ್ದಿದ್ದರೆ ಇದೇ ಮಾತನ್ನು ಇನ್ನೂ ಜೋರಾಗಿ ಹೇಳುತ್ತಿದ್ದಳು.

ಇಂತಿ ನಿನ್ನ ಪ್ರೀತಿಯ,
ಹೊರೇಸ್ ಮಾಮ

ಮರೆತ ಮಾತು: ಕ್ಯಾರವಾನ್ ಎಲ್ಲಿತ್ತೋ ಅಲ್ಲೇ ಇದೆ. ಹಳದಿ ಪರದೆಯೂ ಇದೆ. ಮಾರಿರಲೇ ಇಲ್ಲ. ಶನಿವಾರ ಕ್ರೇಟಿನಿಂದ ಇಳಿದ ಮೇಲೆ, ಓಗ್ಡನ್ ನನ್ನ ಮುಖ ನೋಡುವುದಾದರೆ, ಅದರ ಬೀಗದಕೈ ಅವನಿಗೆ ಕೊಡುತ್ತೇನೆ. ಮಂಡಿ ವಾಸಿಯಾಗುವ ತನಕ ಸಂಸಾರ ಸಮೇತ ಅಲ್ಲಿರಲಿ. ನೀನು ಈ ಬೇಸಿಗೆಗೆ ಬಂದರೆ ಮೇಲಿನ ಮಂಚದಲ್ಲಿ ಮಲಗಬೇಕಾದೀತು, ಬೈಯಬೇಡ.

ಬಾಜಿ ಅಂಗಡಿಗೆ ಹೋದದ್ದು ಮಾತ್ರ ನಿಜ. ಹೊಸ ವರ್ಷದ ಮಾರನೆಯ ಬೆಳಿಗ್ಗೆ, ನನ್ನ ಸುಳ್ಳನ್ನು ಸ್ವಲ್ಪವಾದರೂ ನಿಜ ಮಾಡೋಣವೆಂದು ಪೆನ್ಷನ್ ಪೂರ್ತಿ ಜೇಬಿನಲ್ಲಿಟ್ಟುಕೊಂಡೇ ಹೋದೆ. ಗೋಡೆಯ ಮೇಲಿನ ಪಟ್ಟಿಯಲ್ಲಿ ನಮ್ಮ ಹೆಸರು ಎಲ್ಲಕ್ಕಿಂತ ಕೆಳಗಿತ್ತು. "ಟೌನ್ ಉಳಿಯುತ್ತೆ ಅಂತಾನಾ ತಾತ? ಎಷ್ಟು ಕಟ್ತೀರಿ?" ಎಂದು ಕೌಂಟರಿನ ಹುಡುಗಿ ಕೇಳಿದಳು. ಜೇಬಿನಲ್ಲಿ ಕೈ ಬಹಳ ಹೊತ್ತು ಇತ್ತು. ಉಳಿಯುತ್ತೇವೆಂದು ನನಗೆ ನಂಬಿಕೆಯೇ ಇರಲಿಲ್ಲ, ಬ್ರೈಯನಿ.

ಎರಡು ಪೌಂಡು. ನಾನು ಕಟ್ಟಿ ಕಳೆದುಕೊಂಡದ್ದು ಬರೀ ಎರಡು ಪೌಂಡು.